ಹೊಸಬರ ಕೈಗೆ ಸ್ಪ್ಯಾನರ್ ಕೊಡುವ ಮೊದಲು
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿದಾಗ, "ನೀವು ಐಟಿಯವರು, ಎಐ ಬಗ್ಗೆ ಏನಾದರೂ ಹೇಳಿ, ಎಲ್ಲರಿಗೂ ಈಗ ಅದರದ್ದೇ ಕುತೂಹಲ" ಅಂದಿದ್ದರು. ನಾನು ಒಪ್ಪಿಕೊಂಡೂ ಬಿಟ್ಟಿದ್ದೆ. ಆಮೇಲೆ ಯೋಚಿಸಿದರೆ, ಕಳೆದ ಎರಡು ವರ್ಷ ನಾನು ಹೆಚ್ಚು ಹೊತ್ತು ಕಳೆದಿರುವುದು ಸೆಕ್ಟರ್ ಫೈವ್‌ನ ಎಸಿ ಆಫೀಸಿನಲ್ಲಿ ಅಲ್ಲ, ಹೂಗ್ಲಿ ದಂಡೆಯ ಒಂದು ಸೆಣಬಿನ ಮಿಲ್ಲಿನಲ್ಲಿ. ತಲೆತುಂಬ ಸೆಣಬಿನ ಧೂಳು, ಕಿವಿತುಂಬ ಮಗ್ಗದ ಸದ್ದು. ಗೊತ್ತಿರುವುದನ್ನು ಬಿಟ್ಟು ಗೊತ್ತಿಲ್ಲದ್ದನ್ನು ಯಾಕೆ ಮಾತಾಡಲಿ ಅಂತ ವಿಷಯ ಬದಲಾಯಿಸಿಕೊಂಡೆ. ಕಾರ್ಖಾನೆಗೆ ಹೊಸದಾಗಿ ಸೇರುವ ರಿಪೇರಿ ಕೆಲಸದವರಿಗೆ, ಅಂದರೆ ಮೇಂಟೆನೆನ್ಸ್ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ, ಕೆಲಸ ಕಲಿಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಮಹಿಳಾ ವೇದಿಕೆಗೆ ಇದೆಂಥ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳಿ, ನಮ್ಮ ಅಡುಗೆಮನೆಗೂ ಬರುತ್ತೇನೆ, ನಮ್ಮ ಹೆಣ್ಣುಮಕ್ಕಳ ವಿಷಯಕ್ಕೂ ಬರುತ್ತೇನೆ.

ನಮ್ಮ ಮನೆ ದಕ್ಷಿಣೇಶ್ವರದಲ್ಲಿ. 2021ರ ಫೆಬ್ರವರಿಯಲ್ಲಿ ಮೆಟ್ರೋ ಅಲ್ಲಿಯತನಕ ಬಂದ ಮೇಲೆ ನಿಮ್ಮಲ್ಲಿ ಅರ್ಧದಷ್ಟು ಜನ ಊರಿನ ನೆಂಟರನ್ನು ಕರೆದುಕೊಂಡು ಕಾಳಿ ಮಂದಿರಕ್ಕೆ ಬಂದು, ಹೋಗುವಾಗ ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗಿದ್ದೀರಿ. ಮಂದಿರದ ಘಾಟಿನಿಂದ ಬೇಲೂರು ಮಠಕ್ಕೆ ದೋಣಿಯಲ್ಲಿ ಹೋಗುವಾಗ ಎಲ್ಲರ ಕ್ಯಾಮೆರಾ ಗೋಪುರದ ಕಡೆಗೇ ಇರುತ್ತದೆ. ಮುಂದಿನ ಸಲ ದಂಡೆಯ ಉಳಿದ ಭಾಗವನ್ನೂ ನೋಡಿ. ಹೊಗೆ ಬಿಡದ ಹಳೆಯ ಚಿಮಣಿಗಳು, ಕೆಂಪು ಇಟ್ಟಿಗೆಯ ಉದ್ದುದ್ದ ಗೋಡೆಗಳು, ನೀರಿಗೆ ಇಳಿಯುವ ಜೆಟ್ಟಿಗಳು ಕಾಣುತ್ತವೆ. ರಾಣಿ ರಾಸಮಣಿ ಈ ಮಂದಿರವನ್ನು ಪ್ರತಿಷ್ಠಾಪಿಸಿದ್ದು 1855ರಲ್ಲಿ. ಅದೇ 1855ರಲ್ಲಿ ನದಿಯ ಆಚೆ ದಡದ ರಿಶ್ರಾದಲ್ಲಿ ಬಂಗಾಳದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಒಂದೇ ವರ್ಷ, ಒಂದೇ ನದಿ. ಮಂದಿರದ ಕಥೆ ಎಲ್ಲರಿಗೂ ಗೊತ್ತು, ಗಿರಣಿಯ ಕಥೆ ಹೇಳುವವರು ಕಡಿಮೆ.

ಆ ಗಿರಣಿಗಳಿಗೆ ಯಂತ್ರ ಬಂದದ್ದು ಸ್ಕಾಟ್ಲೆಂಡಿನ ಡಂಡೀಯಂಥ ಕಡೆಯಿಂದ. ಯಂತ್ರದ ಜೊತೆಗೆ ಅದನ್ನು ಜೋಡಿಸಿ, ಓಡಿಸಿ, ಕೆಟ್ಟರೆ ರಿಪೇರಿ ಮಾಡುವ ಮೆಕ್ಯಾನಿಕ್‌ಗಳೂ ಹಡಗು ಹತ್ತಿ ಬಂದರು. ಅವರ ಪಕ್ಕ ನಿಂತು ನೋಡಿ ನೋಡಿ ಕಲಿತವರು ಇಲ್ಲಿನ ಮಿಸ್ತ್ರಿಗಳು. ಒಂದು ತಮಾಷೆಯ ಸಂಗತಿ ಹೇಳುತ್ತೇನೆ. ಡಂಡೀಯ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಎಷ್ಟೆಂದರೆ ಅದನ್ನು ಹೆಂಗಸರ ಊರು ಎಂದೇ ಕರೆಯುತ್ತಿದ್ದರಂತೆ. ಕೆಲಸವಿಲ್ಲದೆ ಮನೆಯಲ್ಲಿರುವ ಗಂಡಂದಿರಿಗೆ ಟೀ ಕೆಟಲ್ ಕಾಯಿಸುವವರು ಅಂತ ಅಡ್ಡಹೆಸರು. ಅದೇ ಯಂತ್ರಗಳು ಹೂಗ್ಲಿ ದಂಡೆಗೆ ಬಂದಾಗ ಅದು ಗಂಡಸರ ಕೆಲಸವಾಯಿತು. ಯಂತ್ರಕ್ಕೆ ತನ್ನ ಮುಂದೆ ನಿಂತವರು ಗಂಡೋ ಹೆಣ್ಣೋ ಅನ್ನುವ ವಿಚಾರವೇ ಇರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಮಿಲ್ಲಿನವರು ನಮ್ಮ ಕಂಪನಿಗೆ ಒಪ್ಪಿಸಿದ್ದು ಸಾಫ್ಟ್‌ವೇರ್ ಮಾತ್ರ. ಯಾವ ಯಂತ್ರ ಯಾವಾಗ ಕೆಟ್ಟಿತು, ಯಾರು ಸರಿ ಮಾಡಿದರು, ಯಾವ ಬೇರಿಂಗ್ ಹಾಕಿದರು, ಮುಂದಿನ ಗ್ರೀಸ್ ಯಾವತ್ತು, ಇಂಥದ್ದೆಲ್ಲ ದಾಖಲೆ. ನಾನು ಎಂ.ಟೆಕ್ ಮಾಡಿದವಳು, ಡೇಟಾಬೇಸ್ ಅಂದರೆ ನನಗೆ ನೀರು ಕುಡಿದಷ್ಟು ಸುಲಭ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಹಾಗಾಗಿ ಎಣ್ಣೆ ಹಿಡಿದ ಬಟ್ಟೆಯ ವಾಸನೆಯೂ ಹೊಸದಲ್ಲ. ಆರು ತಿಂಗಳ ಕೆಲಸ ಎಂದು ಹೋದೆ.

ಹೋದ ಎರಡನೇ ತಿಂಗಳಲ್ಲೇ ಒಂದು ಅಪಘಾತ ಆಯಿತು. ಸೆಣಬನ್ನು ಬಾಚುವ ಕಾರ್ಡಿಂಗ್ ಯಂತ್ರ ಅಂತ ಇರುತ್ತದೆ. ಡ್ರಮ್ಮಿನಂಥ ದೊಡ್ಡ ಉರುಳೆ, ಅದರ ಸುತ್ತ ಸಣ್ಣ ಉರುಳೆಗಳು, ಎಲ್ಲದರ ಮೈತುಂಬ ಮೊಳೆಯಂಥ ಹಲ್ಲು. ನಾರು ಸುತ್ತಿಕೊಂಡರೆ ನಿಲ್ಲಿಸಿ ಕಿತ್ತು ತೆಗೆಯಬೇಕು. ಐಟಿಐ ಮುಗಿಸಿ ಬಂದ ಹುಡುಗ, ಕೆಲಸಕ್ಕೆ ಸೇರಿ ಒಂಬತ್ತನೇ ದಿನ. ಬಟನ್ ಒತ್ತಿ ಯಂತ್ರ ನಿಲ್ಲಿಸಿ, ಹಿಂಬದಿಗೆ ಹೋಗಿ ಕೈ ಹಾಕಿ ನಾರು ಕೀಳುತ್ತಿದ್ದ. ಮುಂಬದಿಯಲ್ಲಿದ್ದವನಿಗೆ ಅವನು ಕಾಣಲಿಲ್ಲ. ಕೆಲಸ ಆಗಿದೆ ಎಂದುಕೊಂಡು ಬಟನ್ ಒತ್ತಿದ. ಎರಡು ಬೆರಳು ಹೋದವು, ಬಲಗೈಯದು. ಫಿಟ್ಟರ್‌ಗೆ ಬಲಗೈಯ ಬೆರಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ಹುಡುಗನ ತರಬೇತಿಯ ದಾಖಲೆ ತೆಗೆಯಲು ನನಗೇ ಹೇಳಿದರು. ದಾಖಲೆ ಅಚ್ಚುಕಟ್ಟಾಗಿತ್ತು. ಮೊದಲ ದಿನ ಗೇಟ್ ಪಾಸ್, ಹೆಲ್ಮೆಟ್, ಶೂ. ಆಮೇಲೆ ಒಂದು ಗಂಟೆ ಇಂಗ್ಲಿಷ್ ಸ್ಲೈಡುಗಳು. ಕೊನೆಗೆ ಸುರಕ್ಷತೆಯ ನಿಯಮ ಅರ್ಥವಾಗಿದೆ ಎಂದು ಒಂದು ಸಹಿ. ಎರಡನೇ ದಿನದಿಂದ "ಮಿಸ್ತ್ರಿಯ ಜೊತೆ ಇರು, ನೋಡಿ ಕಲಿ". ಮಿಸ್ತ್ರಿಗೆ ಆ ವಾರ ಹನ್ನೊಂದು ಯಂತ್ರ ಕೆಟ್ಟಿದ್ದವು, ಕಲಿಸಲು ಪುರುಸೊತ್ತಿರಲಿಲ್ಲ. ಕಾಗದದಲ್ಲಿ ಎಲ್ಲವೂ ಸರಿ, ಹುಡುಗನ ಕೈಯಲ್ಲಿ ಎರಡು ಬೆರಳಿಲ್ಲ. ಇದು ಆ ಒಂದು ಮಿಲ್ಲಿನ ಕಥೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ರೀತಿಯೇ ಹೀಗೆ. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರಿಗೆ ಒಂದು ವಾರ ಆಟ, ಹಾಡು, ಕಂಪನಿಯ ಹೆಸರಿರುವ ಬಾಟಲಿ. ತಪ್ಪಾದರೆ ಬೆರಳು ಹೋಗುವ ಕಡೆ ಒಂದು ಗಂಟೆ.

ಅಲ್ಲಿಂದ ನನ್ನ ಕೆಲಸದ ಸ್ವರೂಪ ಬದಲಾಯಿತು. ಮಿಲ್ಲಿನ ಚೀಫ್ ಎಂಜಿನಿಯರ್ ಸಾಹೇಬರು ಒಳ್ಳೆಯವರು. "ಸಾಫ್ಟ್‌ವೇರ್ ಇರಲಿ ಮೇಡಂ, ಮೊದಲು ಹೊಸಬರ ಮೊದಲ ತೊಂಬತ್ತು ದಿನ ಹೇಗಿರಬೇಕು ಅಂತ ಕೂತು ಬರೆಯೋಣ" ಅಂದರು.

ಮೊದಲ ಪಾಠ ಬೀಗದ್ದು. ಇದನ್ನು ನಿಮಗೆ ವಿವರಿಸುವುದು ಸುಲಭ. ವೆಟ್ ಗ್ರೈಂಡರಿನ ಕಲ್ಲು ತೊಳೆಯುವಾಗ ಬುದ್ಧಿವಂತೆ ಏನು ಮಾಡುತ್ತಾಳೆ? ಸ್ವಿಚ್ ಆಫ್ ಮಾಡಿ ಸುಮ್ಮನಾಗುವುದಿಲ್ಲ. ಪ್ಲಗ್ ಕಿತ್ತು ತನ್ನ ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾಳೆ. ಮಗ ಬಂದು ಫೋನ್ ಚಾರ್ಜಿಗೆ ಹಾಕುವ ಭರದಲ್ಲಿ ಯಾವ ಸ್ವಿಚ್ ಒತ್ತಿದರೂ ಕಲ್ಲು ತಿರುಗುವುದಿಲ್ಲ. ಕಾರ್ಖಾನೆಯ ದೊಡ್ಡ ಯಂತ್ರಕ್ಕೆ ಪ್ಲಗ್ ಇರುವುದಿಲ್ಲ, ಐಸೊಲೇಟರ್ ಎನ್ನುವ ದೊಡ್ಡ ಹಿಡಿ ಇರುತ್ತದೆ. ಅದನ್ನು ಆಫ್ ಕಡೆಗೆ ತಿರುಗಿಸಿ, ಅದರ ತೂತಿಗೆ ನಿಮ್ಮ ಸ್ವಂತ ಬೀಗ ಹಾಕಿ, ನಿಮ್ಮ ಫೋಟೊ ಇರುವ ಚೀಟಿ ಕಟ್ಟಿ, ಬೀಗದ ಕೈ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಕೊನೆಯವರು ತೆಗೆಯುವ ತನಕ ಯಂತ್ರ ಓಡದು. ಸೂಪರ್‌ವೈಸರ್ ಬಂದು "ನನ್ನ ಬೀಗ ಸಾಕು, ನಿನ್ನದು ಬೇಡ" ಅಂದರೂ ಕೇಳಬಾರದು, ಯಾಕೆಂದರೆ ಒಳಗಿರುವುದು ಅವರ ಕೈಯಲ್ಲ.

ಬೀಗ ಹಾಕಿದ ಮೇಲೂ ಒಂದು ಹೆಜ್ಜೆ ಇದೆ. ಅದನ್ನೇ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು. ಪಕ್ಕದ ಯಂತ್ರದ ಐಸೊಲೇಟರ್‌ಗೆ ಬೀಗ ಹಾಕಿ ಬಂದಿದ್ದರೆ ಆಗಲೇ ಗೊತ್ತಾಗುತ್ತದೆ. ಆಮೇಲೆ ಉಳಿದಿರುವ ಶಕ್ತಿ. ಗ್ಯಾಸ್ ಆರಿಸಿದ ಕೂಡಲೇ ಕುಕ್ಕರ್ ಮುಚ್ಚಳ ತೆಗೆಯುತ್ತೀರಾ? ಇಲ್ಲ. ಒಲೆ ಆರಿದೆ, ಒಳಗಿನ ಆವಿ ಆರಿಲ್ಲ. ಹಾಗೆಯೇ ಕರೆಂಟ್ ಹೋದ ಮೇಲೂ ದೊಡ್ಡ ಉರುಳೆ ತನ್ನ ಭಾರಕ್ಕೆ ಸುಮಾರು ಹೊತ್ತು ತಿರುಗುತ್ತಿರುತ್ತದೆ, ಏರ್ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡಿರುತ್ತದೆ, ಎತ್ತಿ ನಿಲ್ಲಿಸಿದ ಭಾರ ಯಾವಾಗ ಬೇಕಾದರೂ ಬೀಳಬಹುದು. ಈ ಕುಕ್ಕರಿನ ಉದಾಹರಣೆಯನ್ನು ನಾನು ಮಿಲ್ಲಿನ ಮೊದಲ ತರಗತಿಯಲ್ಲಿ ಹೇಳಿದಾಗ ಹಿಂದೆ ಕೂತಿದ್ದ ಹಿರಿಯ ಮಿಸ್ತ್ರಿಯೊಬ್ಬರು ನಕ್ಕು, "ದಿದಿ, ಇಪ್ಪತ್ತು ವರ್ಷದಿಂದ ಸೇಫ್ಟಿ ಆಫೀಸರ್ ಹೇಳಿದ್ದು ಇವತ್ತು ತಿಳಿಯಿತು" ಅಂದರು.

ಎರಡನೇ ಪಾಠ ಪಾಳಿ ಬದಲಾಗುವಾಗಿನದು. ಇದಕ್ಕೆ ನಾನು ಬಳಸುವುದು ಪೈಪರ್ ಆಲ್ಫಾದ ಕಥೆ. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಾಚೆ, ಉತ್ತರ ಸಮುದ್ರದ ನಡುವೆ ನಿಂತಿದ್ದ ತೈಲ ವೇದಿಕೆ ಅದು. 1988ರ ಜುಲೈ 6. ಅಲ್ಲಿ ಎರಡು ಪಂಪ್ ಇದ್ದವು. ಒಂದನ್ನು ರಿಪೇರಿಗೆ ಎಂದು ನಿಲ್ಲಿಸಿದ್ದರು. ಅದೇ ಪಂಪಿನ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿ, ಆ ಜಾಗಕ್ಕೆ ಒಂದು ಮುಚ್ಚಳ ಹಾಕಿ, ಸಂಜೆಯಾದ್ದರಿಂದ ಕೆಲಸ ಅಷ್ಟಕ್ಕೇ ನಿಲ್ಲಿಸಿದ್ದರು. ಪಂಪಿನ ರಿಪೇರಿಗೆ ಒಂದು ಪರವಾನಗಿ ಚೀಟಿ, ವಾಲ್ವಿಗೆ ಇನ್ನೊಂದು. ರಾತ್ರಿ ಪಾಳಿಯವರು ಬಂದರು. ಒಂಬತ್ತೂಮುಕ್ಕಾಲರ ಸುಮಾರಿಗೆ ಓಡುತ್ತಿದ್ದ ಇನ್ನೊಂದು ಪಂಪ್ ನಿಂತಿತು. ಅದು ಓಡದಿದ್ದರೆ ಇಡೀ ಉತ್ಪಾದನೆ ನಿಲ್ಲುತ್ತದೆ. ನಿಲ್ಲಿಸಿದ್ದ ಪಂಪಿನ ಚೀಟಿ ನೋಡಿದರು, ರಿಪೇರಿ ಇನ್ನೂ ಶುರುವಾಗಿಲ್ಲ, ಓಡಿಸಬಹುದು ಅಂದುಕೊಂಡರು. ವಾಲ್ವಿನ ಚೀಟಿ ಅವರ ಕಣ್ಣಿಗೆ ಬೀಳಲಿಲ್ಲ, ಯಾರೂ ಬಾಯಲ್ಲಿಯೂ ಹೇಳಿರಲಿಲ್ಲ. ಪಂಪ್ ಓಡಿಸಿದರು. ಮುಚ್ಚಳದಿಂದ ಅನಿಲ ಸೋರಿ ಹತ್ತು ಗಂಟೆಗೆ ಮೊದಲ ಸ್ಫೋಟ. ಸತ್ತವರು 167 ಜನ, ಬದುಕಿದವರು 61. ಆಮೇಲೆ ಲಾರ್ಡ್ ಕಲೆನ್ ಅವರ ವಿಚಾರಣೆ ಎರಡು ವರ್ಷ ನಡೆದು 106 ಶಿಫಾರಸುಗಳನ್ನು ಕೊಟ್ಟಿತು. ಪರವಾನಗಿ ಚೀಟಿಗಳ ವ್ಯವಸ್ಥೆ, ಪಾಳಿ ಬದಲಾವಣೆಯ ಮಾತುಕತೆ ಎರಡೂ ಅದರಲ್ಲಿವೆ.

ನಮ್ಮ ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ ಆಗುತ್ತಿದ್ದದ್ದು ಏನು? ಹೋಗುವವನು ಸೈಕಲ್ ಸ್ಟ್ಯಾಂಡಿನಲ್ಲಿ, ಬರುವವನು ಟೀ ಅಂಗಡಿಯಲ್ಲಿ. ಎದುರಿಗೆ ಸಿಕ್ಕರೆ "ಶಬ್ ಠೀಕ್ ಆಛೆ", ಎಲ್ಲ ಸರಿಯಿದೆ. ಈಗ ಹತ್ತು ನಿಮಿಷ ಇಬ್ಬರೂ ಯಂತ್ರದ ಮುಂದೆ ನಿಲ್ಲಬೇಕು. ಬಿಚ್ಚಿದ್ದು ಏನು, ಅರ್ಧ ಬಿಟ್ಟದ್ದು ಏನು, ತಾತ್ಕಾಲಿಕವಾಗಿ ಕಟ್ಟಿದ್ದು ಏನು, ಈ ಮೂರು ಪ್ರಶ್ನೆಗೆ ಉತ್ತರ ಹೇಳಿ ಮೊಬೈಲಿನಲ್ಲಿ ಫೋಟೊ ಹಾಕಬೇಕು. ಹತ್ತು ನಿಮಿಷದ ಸಂಬಳ ಯಾರು ಕೊಡುವುದು ಅಂತ ಯೂನಿಯನ್‌ನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಿಲ್ಲಿನವರು ಕೊಡಲು ಒಪ್ಪಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಬದಲಾವಣೆ ಇದೇ, ಸಾಫ್ಟ್‌ವೇರ್ ಅಲ್ಲ.

ಇನ್ನು ಕೈಗುಣದ ವಿಷಯ. ಮಿಲ್ಲಿನಲ್ಲಿ ಎಲ್ಲರೂ ಬೊಡೊ ಮಿಸ್ತ್ರಿ, ಅಂದರೆ ದೊಡ್ಡ ಮಿಸ್ತ್ರಿ, ಎಂದು ಕರೆಯುವ ಒಬ್ಬರಿದ್ದರು. ನಿವೃತ್ತಿಗೆ ಹತ್ತು ತಿಂಗಳಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದರು. ಡಾಕ್ಟರು ಎದೆ ನೋಡಿದ ಹಾಗೆ. "ಇದು ಇನ್ನೊಂದು ವಾರ, ಅದು ಪೂಜೆಯ ತನಕ ಬರುತ್ತದೆ" ಅನ್ನುತ್ತಿದ್ದರು, ಬಹುಪಾಲು ಹಾಗೇ ಆಗುತ್ತಿತ್ತು. ಹೇಗೆ ಗೊತ್ತಾಗುತ್ತದೆ ದಾದಾ ಎಂದರೆ "ಹಾತ್ ಬುಝೆ ಜಾಬೆ", ಕೈಗೆ ತಾನೇ ತಿಳಿಯುತ್ತದೆ. ನಮ್ಮ ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು ತಾನೆ? ಮುದ್ದೆಗೆ ಎಷ್ಟು ನೀರು ಅಜ್ಜಿ? ಹದ ನೋಡಿಕೊಂಡು ಹಾಕು. ಹದ ಅಂದರೆ ಯಾವುದು? ಮಾಡ್ತಾ ಮಾಡ್ತಾ ಗೊತ್ತಾಗುತ್ತೆ. ಅಜ್ಜಿಗೆ ನಮಗೆ ಕಲಿಸಲು ಹದಿನೈದು ವರ್ಷ ಇತ್ತು, ಮುದ್ದೆ ಗಂಟಾದರೆ ಯಾರ ಬೆರಳೂ ಹೋಗುತ್ತಿರಲಿಲ್ಲ. ಬೊಡೊ ಮಿಸ್ತ್ರಿಗೆ ಇದ್ದದ್ದು ಹತ್ತು ತಿಂಗಳು.

ಇಲ್ಲಿ ಒಂದು ಹಳೆಯ ವಿಧಾನ ಉಪಯೋಗಕ್ಕೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ, ಯಂತ್ರವನ್ನೇ ನೋಡಿರದ ಲಕ್ಷಾಂತರ ಜನರನ್ನು, ಅದರಲ್ಲೂ ಹೆಂಗಸರನ್ನು, ಬೇಗ ಕೆಲಸಕ್ಕೆ ತಯಾರು ಮಾಡಬೇಕಾಗಿತ್ತು. 1940ರಲ್ಲಿ ಅಲ್ಲಿನ ಸರ್ಕಾರ ಟಿಡಬ್ಲ್ಯುಐ, ಅಂದರೆ ಟ್ರೇನಿಂಗ್ ವಿದಿನ್ ಇಂಡಸ್ಟ್ರಿ, ಎನ್ನುವ ಯೋಜನೆ ಶುರುಮಾಡಿತು. ಕೆಲಸ ಗೊತ್ತಿರುವವರಿಗೆ ಕಲಿಸುವುದು ಹೇಗೆಂದು ಕಲಿಸುವುದು ಅದರ ತಿರುಳು. ಕೆಲಸ ಬಲ್ಲವರೆಲ್ಲ ಕಲಿಸಬಲ್ಲವರಲ್ಲ ಎನ್ನುವುದನ್ನು ಅವರು ಒಪ್ಪಿಕೊಂಡಿದ್ದರು. ಕಲಿಯುವವರನ್ನು ಮೊದಲು ನಿರಾಳವಾಗಿಸು, ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಬಿಟ್ಟುಬಿಡದೆ ಆಗಾಗ ಬಂದು ನೋಡು. ಇಷ್ಟೇ. ಯುದ್ಧ ಮುಗಿದ ಮೇಲೆ ಅಮೆರಿಕದವರು ಅದನ್ನು ಹೆಚ್ಚುಕಡಿಮೆ ಮರೆತರು, ಜಪಾನಿನವರು ಕಲಿತು ಉಳಿಸಿಕೊಂಡರು. ಟೊಯೊಟಾದ ಕೆಲಸದ ಪದ್ಧತಿಗೆ ಅದರ ಋಣವಿದೆ. ಅದೇ ಟೊಯೊಟಾದವರು ನಮ್ಮ ಬಿಡದಿಯಲ್ಲಿ 2007ರಲ್ಲಿ ಹಳ್ಳಿಯ ಮಕ್ಕಳಿಗೆಂದೇ ತರಬೇತಿ ಸಂಸ್ಥೆ ತೆರೆದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು.

ಆ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಒಂದು ಹಾಳೆ. ಹೆಜ್ಜೆ ಏನು, ಆ ಹೆಜ್ಜೆಯ ಗುಟ್ಟು ಏನು, ಯಾಕೆ ಹಾಗೆ. ಬೊಡೊ ಮಿಸ್ತ್ರಿಯ ಜೊತೆ ವಾರಕ್ಕೆ ಎರಡು ಮಧ್ಯಾಹ್ನ ಕೂತೆ. ಬೇರಿಂಗ್ ಕೂರಿಸುವುದನ್ನೇ ತೆಗೆದುಕೊಳ್ಳಿ. ಹೆಜ್ಜೆ: ಬೇರಿಂಗನ್ನು ಶಾಫ್ಟಿಗೆ ಏರಿಸು. ಗುಟ್ಟು: ಒಳಗಿನ ಬಳೆಯನ್ನು ಮಾತ್ರ ಒತ್ತಬೇಕು, ಹೊರಗಿನ ಬಳೆಗೆ ಪೆಟ್ಟು ಕೊಡಬಾರದು. ಯಾಕೆ: ಹೊರಬಳೆಗೆ ಕೊಟ್ಟ ಪೆಟ್ಟು ಗುಂಡುಗಳ ಮೂಲಕ ದಾಟಿ ಒಳಗಿನ ಹಾದಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಹುಟ್ಟುವಾಗಲೇ ಸತ್ತಂತೆ. ಗ್ರೀಸ್ ಹಾಕುವುದು: ತುಂಬಿ ತುಳುಕುವಷ್ಟು ಹಾಕಬೇಡ. ಯಾಕೆ: ಒಳಗೆ ಜಾಗವಿಲ್ಲದೆ ಗ್ರೀಸನ್ನೇ ಕಡೆಯುತ್ತಾ ಬೇರಿಂಗ್ ಬಿಸಿಯಾಗುತ್ತದೆ. ಐಟಿಐಯಿಂದ ಬಂದ ಹುಡುಗರಲ್ಲಿ ಮುಕ್ಕಾಲು ಜನ ಗ್ರೀಸ್ ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಂಡಿದ್ದರು, ತಲೆಗೆ ಎಣ್ಣೆ ಹಾಕಿದ ಹಾಗೆ.

"ಯಾಕೆ" ಎನ್ನುವ ಕಲಮು ತುಂಬಿಸುವುದೇ ಬಹಳ ಕಷ್ಟವಾಯಿತು. ಮಿಸ್ತ್ರಿ ಮೊದಮೊದಲು ಸಿಟ್ಟಾಗುತ್ತಿದ್ದರು. ಅವರ ಗುರು ಯಾಕೆ ಅಂತ ಕೇಳಿದರೆ ಸ್ಪ್ಯಾನರಿನಿಂದಲೇ ಹೊಡೆಯುತ್ತಿದ್ದರಂತೆ. ಇನ್ನೊಂದು ಅಳುಕೂ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಲು ಮೂರು ತಿಂಗಳಾಯಿತು. ಎಲ್ಲ ಬರೆದುಕೊಟ್ಟ ಮೇಲೆ ನನ್ನ ಬೆಲೆ ಏನು ದಿದಿ? ಬದ್ಲಿ ಕೆಲಸಗಾರನಾಗಿ ಸೇರಿ, ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ಗೇಟಿನ ಮುಂದೆ ನಿಂತು, ಕೈಗುಣವೊಂದರಿಂದಲೇ ಖಾಯಂ ಆದ ಮನುಷ್ಯ ಅವರು. ವಿದ್ಯೆಯನ್ನು ಬಚ್ಚಿಟ್ಟುಕೊಂಡಿದ್ದು ಜಿಪುಣತನದಿಂದ ಅಲ್ಲ. ಚೀಫ್ ಎಂಜಿನಿಯರ್ ಅವರಿಗೆ ಈ ಮಾತನ್ನು ಮುಟ್ಟಿಸಿದೆ. ನಿವೃತ್ತಿಯ ಮೇಲೆ ವಾರಕ್ಕೆ ಮೂರು ದಿನ ತರಬೇತುದಾರರಾಗಿ, ಸಂಬಳಕ್ಕೆ, ಎಂದು ಕಾಗದದಲ್ಲಿ ಬರೆದುಕೊಟ್ಟ ಮೇಲೆ ಹಾಳೆಗಳು ತಾವಾಗಿಯೇ ತುಂಬತೊಡಗಿದವು. ಒಟ್ಟು 64 ಹಾಳೆ ಆಗಿವೆ.

ಈಗ ಆ ಹುಡುಗಿಯ ವಿಷಯ. ಅಪಘಾತವಾದ ವರ್ಷವೇ ಬಂದ ಹೊಸಬರ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ, ಒಳ್ಳೆಯ ಅಂಕ. ಅಪ್ರೆಂಟಿಸ್ ಆಗಿ ಸೇರಿದವಳನ್ನು ಎಲ್ಲಿ ಕೂರಿಸಿದ್ದರು ಗೊತ್ತೆ? ನನ್ನ ಪಕ್ಕದಲ್ಲಿ, ಕಂಪ್ಯೂಟರಿಗೆ ಮಾಹಿತಿ ತುಂಬಲು. ಅವಳ ಜೊತೆ ಬಂದ ಹುಡುಗರು ಮೋಟಾರ್ ಬಿಚ್ಚುತ್ತಿದ್ದರೆ ಇವಳು ಅವರು ಬಿಚ್ಚಿದ ಮೋಟಾರಿನ ನಂಬರ್ ಟೈಪ್ ಮಾಡುತ್ತಿದ್ದಳು. ನನಗೆ ಸಹಾಯಕಿ ಸಿಕ್ಕಳು ಎಂದು ಖುಷಿಪಡಬೇಕಾಗಿತ್ತು, ಆಗಲಿಲ್ಲ. ಕೇಳಿದರೆ ಕಚೇರಿಯವರ ಉತ್ತರ ಸಿದ್ಧವಿತ್ತು: "ಕಾನೂನು ಬಿಡುವುದಿಲ್ಲ ಮೇಡಂ. ಫ್ಯಾಕ್ಟರೀಸ್ ಆ್ಯಕ್ಟ್, ಸೆಕ್ಷನ್ 22."

ಮನೆಗೆ ಹೋಗಿ ಓದಿದೆ. 1948ರ ಕಾರ್ಖಾನೆ ಕಾಯ್ದೆಯ 22ನೇ ವಿಧಿ ಇದ್ದದ್ದು ಓಡುತ್ತಿರುವ ಯಂತ್ರದ ಬಗ್ಗೆ. ಯಂತ್ರ ಓಡುತ್ತಿರುವಾಗಲೇ ಪರೀಕ್ಷಿಸುವುದು, ಎಣ್ಣೆ ಹಾಕುವುದು ಅನಿವಾರ್ಯವಾದರೆ ಅದನ್ನು ವಿಶೇಷ ತರಬೇತಿ ಪಡೆದ ವಯಸ್ಕ ಗಂಡಸು, ಮೈಗೆ ಅಂಟಿದ ಉಡುಪು ಹಾಕಿಕೊಂಡು ಮಾಡಬೇಕು ಅನ್ನುತ್ತಿತ್ತು. ಹೆಂಗಸರು ಚಲಿಸುತ್ತಿರುವ ಭಾಗಗಳನ್ನು ಒರೆಸಬಾರದು, ಎಣ್ಣೆ ಹಾಕಬಾರದು, ಸರಿಪಡಿಸಬಾರದು ಅನ್ನುತ್ತಿತ್ತು. ನಿಲ್ಲಿಸಿ ಬೀಗ ಹಾಕಿದ ಯಂತ್ರವನ್ನು ಹೆಂಗಸು ಮುಟ್ಟಬಾರದು ಎಂದು ಎಲ್ಲಿಯೂ ಇರಲಿಲ್ಲ! ಸೀರೆಯ ಸೆರಗು, ಜಡೆ ಬೆಲ್ಟಿಗೆ ಸಿಕ್ಕಿ ಪ್ರಾಣ ಹೋಗುತ್ತಿದ್ದ ಕಾಲದಲ್ಲಿ ಬರೆದ ಮಾತು ಅದು, ಉದ್ದೇಶ ಕೆಟ್ಟದ್ದಲ್ಲ. ಆದರೆ ಓಡುವ ಯಂತ್ರದ ಬಗ್ಗೆ ಹೇಳಿದ್ದನ್ನು ಇಡೀ ಯಂತ್ರಶಾಲೆಗೆ ಎಳೆದು, ಹುಡುಗಿಯನ್ನು ಕುರ್ಚಿಗೆ ಕಟ್ಟಿಹಾಕಿದ್ದು ಕಾನೂನಲ್ಲ, ಸೋಮಾರಿತನ. ನಮ್ಮ ಹೊಸ ನಿಯಮದ ಪ್ರಕಾರ ಯಂತ್ರ ನಿಲ್ಲಿಸಿ ಬೀಗ ಹಾಕದೆ ಹೊಸಬರಾರೂ ಕೈ ಹಾಕುವ ಹಾಗೇ ಇಲ್ಲ. ಹುಡುಗರೂ ಇಲ್ಲ. ಹಾಗಿದ್ದ ಮೇಲೆ ಇವಳಿಗೆ ಏನು ಅಡ್ಡಿ ಎಂದು ಮೀಟಿಂಗಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಿಜವಾದ ಕಾರಣ ಹೊರಗೆ ಬಂತು: ವರ್ಕ್‌ಶಾಪಿನ ಕಡೆ ಹೆಂಗಸರ ಶೌಚಾಲಯ ಇರಲಿಲ್ಲ.

ಶೌಚಾಲಯ ಕಟ್ಟಲು ಆರು ವಾರ ಆಯಿತು. ಅದೇ 1948ರ ಕಾಯ್ದೆಯ 19ನೇ ವಿಧಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಅನ್ನುತ್ತಿತ್ತು. 22ನ್ನು ಬಾಯಿಪಾಠ ಮಾಡಿದವರಿಗೆ 19 ಮರೆತುಹೋಗಿತ್ತು. ಈಗಂತೂ 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಎಲ್ಲ ಬಗೆಯ ಕೆಲಸಕ್ಕೂ ಹೆಂಗಸರು ಅರ್ಹರು, ಒಪ್ಪಿಗೆಯಿದ್ದರೆ, ಸುರಕ್ಷತೆಯ ಷರತ್ತುಗಳ ಮೇಲೆ ರಾತ್ರಿ ಪಾಳಿಯಲ್ಲೂ ದುಡಿಯಬಹುದು ಅನ್ನುತ್ತದೆ ಅದು. ಒಪ್ಪಿಗೆ ಅನ್ನುವ ಪದದ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಕೆಲಸ ಬೇಕಾದ ಹುಡುಗಿ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತಿದೆ. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿದವಳು ಮನೆ ಸೇರುವುದು ಹೇಗೆ ಎನ್ನುವುದಕ್ಕೆ ಗಾಡಿಯೇ ಉತ್ತರ, ಸಹಿ ಅಲ್ಲ.

ನಮ್ಮ ಕೊಲ್ಕತ್ತದಲ್ಲಿ ಈ ಹಾದಿ ತುಳಿದವರು ಮೊದಲೂ ಇದ್ದರು. ಇಳಾ ಮಜುಂದಾರ್ ಅವರ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿ. ಶಿಬಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಸೇರಿದವರು, 1951ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಂದರು. ಗ್ಲಾಸ್ಗೋದಲ್ಲಿ ತರಬೇತಿ ಪಡೆದು ಬಂದು ಡೆಹ್ರಾಡೂನಿನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಇಲ್ಲಿನ ಮಹಿಳಾ ಪಾಲಿಟೆಕ್ನಿಕ್‌ನ ಮೊದಲ ಪ್ರಾಂಶುಪಾಲರಾದರು. ಅಂದರೆ ಕಲಿತವರು ಕಲಿಸುವ ಕಡೆಗೇ ಬಂದರು. ನಮ್ಮ ವಿಶ್ವೇಶ್ವರಯ್ಯನವರೂ ಅಷ್ಟೇ. ಭದ್ರಾವತಿಯ ಕಾರ್ಖಾನೆಯನ್ನು ಹೊರದೇಶದ ತಜ್ಞರ ಕೈಯಿಂದ ತೆಗೆದು ನಮ್ಮವರನ್ನೇ ತಯಾರು ಮಾಡಿದ ಮೇಲೆ, ಅದರಿಂದ ತಮಗೆ ಬರಬೇಕಾಗಿದ್ದ ಹಣವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಇವತ್ತು ಅದನ್ನು ಎಸ್‌ಜೆಪಿ ಎಂದು ಕರೆಯುತ್ತೇವೆ. ಅಪ್ಪ ಇದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು, ನಾವು ಕಣ್ಣು ಹೊರಳಿಸುತ್ತಿದ್ದೆವು.

ಹುಡುಗಿಗೆ ಮೊದಲ ದೊಡ್ಡ ಅವಕಾಶ ಸಿಕ್ಕಿದ್ದು ವಿಶ್ವಕರ್ಮ ಪೂಜೆಯ ಹೊತ್ತಿಗೆ. ನಮಗೆ ಆಯುಧ ಪೂಜೆ ಹೇಗೋ ಇಲ್ಲಿನವರಿಗೆ ಸೆಪ್ಟೆಂಬರ್ 17 ಹಾಗೆ. ಮಿಲ್ ನಿಲ್ಲುತ್ತದೆ, ಮೂರ್ತಿ ಕೂರಿಸುತ್ತಾರೆ, ಆಕಾಶದ ತುಂಬ ಗಾಳಿಪಟ. ಪೂಜೆಯ ಹಿಂದಿನ ಎರಡು ದಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ಮುಚ್ಚಳ ತೆಗೆದು ತೊಳೆದು ಒರೆಸುತ್ತಾರೆ. ಹೊಸಬರಿಗೆ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನವಿಲ್ಲ. ನಾವು ಆ ಎರಡು ದಿನವನ್ನು ಪಾಠವಾಗಿಯೇ ಬದಲಾಯಿಸಿದೆವು. ಬೆರಳು ಕಳೆದುಕೊಂಡ ಹುಡುಗ ಈಗ ಸ್ಟೋರ್ಸ್‌ನಲ್ಲಿದ್ದಾನೆ. ಆ ದಿನ ಹೊಸಬರಿಗೆ ಬೀಗದ ಪಾಠ ಮಾಡಿದ್ದು ಅವನೇ. ಸ್ಲೈಡ್ ಇಲ್ಲ, ಭಾಷಣ ಇಲ್ಲ. ಬಲಗೈಯಲ್ಲಿ ಬೀಗ ಹಿಡಿದು ಹಾಕಿ ತೋರಿಸಿದ. ಹುಡುಗಿ ಮೋಟಾರೊಂದನ್ನು ಪೂರ್ತಿ ಬಿಚ್ಚಿ ಬೇರಿಂಗ್ ಬದಲಾಯಿಸಿ ಜೋಡಿಸಿದಳು. ಬೊಡೊ ಮಿಸ್ತ್ರಿ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿ, ಏನೂ ಹೇಳದೆ ಅದನ್ನು ಅವಳ ಕೈಗೆ ಕೊಟ್ಟು ಕೇಳು ಅಂದರು.

ಕಾರ್ಯದರ್ಶಿಯವರಿಗೆ ಬೇಸರವಾಗದಿರಲಿ, ಎಐ ಬಗ್ಗೆಯೂ ಒಂದು ಮಾತು. ಬೇರಿಂಗಿನ ಕಂಪನ ಅಳೆಯುವ ಸೆನ್ಸರುಗಳನ್ನು ಕೆಲವು ಯಂತ್ರಗಳಿಗೆ ಹಾಕಿದ್ದೇವೆ, ಅವುಗಳ ಲೆಕ್ಕಾಚಾರ ಚೆನ್ನಾಗಿಯೇ ಇದೆ. ಕಿವಿಗೆ ಕೇಳಿಸುವ ಮೊದಲೇ ಅವು ಎಚ್ಚರಿಸುತ್ತವೆ. ಆದರೆ ಎಚ್ಚರಿಕೆ ಬಂದ ಮೇಲೆ ಯಾರೋ ಒಬ್ಬರು ಬೀಗ ಹಾಕಿ, ಒಳಗೆ ಕೈ ಹಾಕಿ, ಒಳಬಳೆಯನ್ನು ಮಾತ್ರ ಒತ್ತಿ ಬೇರಿಂಗ್ ಕೂರಿಸಬೇಕು. ಆ ಕೈಯನ್ನು ತಯಾರು ಮಾಡುವ ಆ್ಯಪ್ ನನಗಂತೂ ಬರೆಯಲು ಬಂದಿಲ್ಲ.

ಇಲ್ಲಿರುವ ತಾಯಂದಿರಲ್ಲಿ ಒಂದು ವಿನಂತಿ ಇದೆ. ಮಗಳು ಐಟಿಐ ಸೇರುತ್ತೇನೆ, ಅಪ್ರೆಂಟಿಸ್ ಹೋಗುತ್ತೇನೆ ಅಂದರೆ ಅವಮಾನ ಎಂದುಕೊಳ್ಳಬೇಡಿ. ಆದರೆ ಕಾರ್ಖಾನೆಯ ಗೇಟಿನಲ್ಲಿ ಸಂಬಳ ಎಷ್ಟು ಎಂದು ಕೇಳುವ ಜೊತೆಗೆ, ಅವಳಿಗೆ ಸ್ವಂತ ಬೀಗ ಕೊಡುತ್ತೀರಾ, ಮೊದಲ ತಿಂಗಳು ಯಾರ ಜೊತೆ ಇರುತ್ತಾಳೆ, ಶೌಚಾಲಯ ಎಲ್ಲಿದೆ, ಈ ಮೂರನ್ನೂ ಕೇಳಿ. ಮನೆಯವರು ಕಾರ್ಖಾನೆ ನಡೆಸುವವರಾಗಿದ್ದರೆ ರಾತ್ರಿ ಊಟದ ಹೊತ್ತಿಗೆ ಅವರನ್ನೇ ಕೇಳಿ.

ಮುಂದಿನ ತಿಂಗಳು ಮತ್ತೆ ಏಳು ಜನ ಹೊಸಬರು ಬರುತ್ತಿದ್ದಾರೆ, ಅದರಲ್ಲಿ ಇಬ್ಬರು ಹುಡುಗಿಯರು. ಅವರ ಮೊದಲ ತಿಂಗಳ ಹೊಣೆಯನ್ನು ನಮ್ಮ ಹುಡುಗಿಗೇ ಒಪ್ಪಿಸಿದ್ದಾರೆ. 64 ಹಾಳೆಗಳೂ ಬಂಗಾಳಿ, ಹಿಂದಿಯಲ್ಲಿ ತಯಾರಾಗಿವೆ. ಆದರೆ ಸೆಣಬಿನ ಮಿಲ್ಲುಗಳಲ್ಲಿ ತಲೆಮಾರುಗಳಿಂದ ಬಂದು ನೆಲೆಸಿದ ತೆಲುಗಿನವರು ಬಹಳ ಜನ, ಈ ಸಲದ ಹೊಸಬರಲ್ಲೂ ಇಬ್ಬರು ಆ ಮನೆಯವರು. ತೆಲುಗಿನ ಹಾಳೆ ಇನ್ನೂ ಆಗಿಲ್ಲ. ಬಳ್ಳಾರಿ, ಕೋಲಾರ, ಪಾವಗಡದ ಕಡೆಯವರು ನಮ್ಮಲ್ಲಿ ಐದಾರು ಮನೆ ಇದ್ದೀರಿ, ತೆಲುಗು ಓದು ಬರಹ ಚೆನ್ನಾಗಿ ಬರುವವರು ಕಾಫಿಯ ಹೊತ್ತಿಗೆ ನನ್ನನ್ನು ಹುಡುಕಿ. ವಾರಕ್ಕೆ ಎರಡು ಹಾಳೆ ಆದರೂ ಸಾಕು, ಬೀಗದ ಹಾಳೆಯಿಂದಲೇ ಶುರುಮಾಡೋಣ.